ಅತ್ತೆಯರ ಮನೆಗೆ ಹಾಕಿದ ಗಾಜು

ಗಾಜಿನ ಅಂಚು ಉಜ್ಜುವ ಯಂತ್ರಕ್ಕೆ ಎರಡು ತುದಿ. ಒಂದು ತುದಿಯಲ್ಲಿ ಗಾಜು ಕೊಡುವವರು ನಿಲ್ಲುತ್ತಾರೆ, ಇನ್ನೊಂದರಲ್ಲಿ ತೆಗೆದುಕೊಳ್ಳುವವರು. ಪಾಕ್‌ಚುನ್‌ನ ಕಾರ್ಖಾನೆಯಲ್ಲಿ ತೆಗೆದುಕೊಳ್ಳುವ ತುದಿಯ ಹತ್ತಿರ ಒಂದು ಬಿದಿರಿನ ಕುರ್ಚಿ ಇತ್ತು. ಅದರಲ್ಲಿ ಅವನ ಸೋದರತ್ತೆ ಲಾಯ್‌ಕ್ವಾನ್ ಕೂತಿರುತ್ತಿದ್ದರು. ಎಂಬತ್ತು ದಾಟಿದ ಜೀವ. ಯಂತ್ರದಿಂದ ಹೊರಬಂದ ಗಾಜಿನ ಅಂಚಿಗೆ ಗಂಜಿತಿಳಿಯಂಥ ಬಿಳಿ ನೀರು ಮೆತ್ತಿಕೊಂಡಿರುತ್ತದೆ. ಚಿಕ್ಕ ಗಾಜುಗಳನ್ನು ತೊಡೆಯ ಮೇಲಿಟ್ಟುಕೊಂಡು, ಹಳೆಯ ಬನಿಯನ್ನಿನ ಬಟ್ಟೆಯಿಂದ ಅದನ್ನು ಒರೆಸಿ, ಹೆಬ್ಬೆರಳನ್ನು ಅಂಚಿನುದ್ದಕ್ಕೂ ಒಮ್ಮೆ ಎಳೆದು, ಗೋಡೆಗೆ ಒರಗಿಸುವುದು ಅವರ ಕೆಲಸ. ಈ ಕೆಲಸವನ್ನು ಅವರಿಗೆ ಯಾರೂ ಹೇಳಿರಲಿಲ್ಲ. ಬೇಡವೆಂದವರೇ ಎಲ್ಲ. ಕೊನೆಗೆ ಪಾಕ್‌ಚುನ್‌ನ ಹೆಂಡತಿ ಯುಕ್‌ಕಾಮ್ ಅವರಿಗೊಂದು ರಬ್ಬರಿನ ಏಪ್ರನ್ನು ತಂದುಕೊಟ್ಟು ಸುಮ್ಮನಾಗಿದ್ದಳು.

ಕಾರ್ಖಾನೆಯಲ್ಲಿ ತಯಾರಾಗುವುದು ಯಂತ್ರ, ಗಾಜಲ್ಲ. ಆದರೆ ಯಂತ್ರ ಸರಿಯಿದೆಯೋ ಇಲ್ಲವೋ ಎಂಬುದನ್ನು ಗಾಜು ಓಡಿಸಿಯೇ ನೋಡಬೇಕು. ಹಾಗೆ ಓಡಿಸಿದ ತುಂಡುಗಳು ಲುನ್‌ಗಾವ್ ಊರಿನ ಮನೆಮನೆಯಲ್ಲೂ ಇವೆ. ದೇವರ ಗೂಡಿನ ಹಲಗೆ ಗಾಜಿನದು, ಊಟದ ಮೇಜಿನ ಹಾಸು ಗಾಜಿನದು, ಬಾತುಕೋಳಿ ಕತ್ತರಿಸುವ ಮಣೆ ಕೂಡ ಒಮ್ಮೊಮ್ಮೆ ಗಾಜಿನದೇ. ಅಂಚು ಮಾತ್ರ ಎಲ್ಲೂ ಕೈ ಕೊಯ್ಯುವುದಿಲ್ಲ.

ಆ ಕಟ್ಟಡ ಹಿಂದೊಮ್ಮೆ ರೇಷ್ಮೆ ನೂಲು ತೆಗೆಯುವ ಫಿಲೇಚರ್ ಆಗಿತ್ತು. ಕಾಲುವೆಯ ದಂಡೆ, ಎತ್ತರದ ಇಟ್ಟಿಗೆ ಗೋಡೆ, ಮೇಲೆ ಮರದ ಅಟ್ಟ. ಅತ್ತೆ ಹುಡುಗಿಯಾಗಿದ್ದಾಗ ಅಲ್ಲೇ ಕುದಿನೀರಿನ ಬೋಗುಣಿಯ ಮುಂದೆ ನಿಂತು ಗೂಡಿನಿಂದ ನೂಲು ಬಿಚ್ಚಿದವರು. ಫಿಲೇಚರ್ ಮುಚ್ಚಿದ ಮೇಲೆ ಸಿಂಗಾಪುರಕ್ಕೆ ಹೋಗಿ ಯಾರಯಾರದೋ ಮಕ್ಕಳನ್ನು ಬೆಳೆಸಿದರು. ತಮ್ಮ ಮತ್ತು ತಮ್ಮನ ಹೆಂಡತಿ ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಊರಿಗೆ ಬಂದು ಅವರ ಮಗ ಪಾಕ್‌ಚುನ್‌ನನ್ನು ಬೆಳೆಸಿದರು. ಅವನು ಈ ಕಟ್ಟಡವನ್ನು ಬಾಡಿಗೆಗೆ ಹಿಡಿದಾಗ ಅತ್ತೆಯನ್ನು ಕೇಳಿರಲಿಲ್ಲ. ಮೊದಲ ದಿನ ಒಳಗೆ ಕಾಲಿಟ್ಟವರು ಮೂಗರಳಿಸಿ, ಗೂಡಿನ ವಾಸನೆ ಇನ್ನೂ ಹೋಗಿಲ್ಲವಲ್ಲ ಎಂದಿದ್ದರು. ಬೇರೆ ಯಾರ ಮೂಗಿಗೂ ಅದು ಬಂದಿರಲಿಲ್ಲ.

ಆ ವರ್ಷ ಗೋಡೆಗಳು ಬೆವರುವ ಕಾಲದಲ್ಲಿ, ಅಂದರೆ ಚಳಿ ಮುಗಿದು ದಕ್ಷಿಣದ ತೇವದ ಗಾಳಿ ತಿರುಗುವ ಹೊತ್ತಿಗೆ, ಅವರು ದೊಡ್ಡದೊಂದು ಯಂತ್ರ ಕಟ್ಟುತ್ತಿದ್ದರು. ಅಲ್ಲಿಯವರೆಗೆ ಮಾಡಿದ್ದೆಲ್ಲ ಚಿಕ್ಕವು. ಇದು ಹಾಗಲ್ಲ, ಒಂದು ಬಸ್ಸಿನಷ್ಟು ಉದ್ದ. ಗಾಜು ನೆಟ್ಟಗೆ ನಿಂತು ಎರಡು ಪಟ್ಟಿಗಳ ನಡುವೆ ಮೆಲ್ಲಗೆ ಸಾಗುತ್ತದೆ. ಅದರ ಕೆಳಗಿನ ಅಂಚು ಒಂದಾದ ಮೇಲೊಂದು ಚಕ್ರಕ್ಕೆ ತಾಗುತ್ತ ಹೋಗುತ್ತದೆ. ಮೊದಲಿನವು ವಜ್ರದ ಪುಡಿ ಕೂರಿಸಿದ ಒರಟು ಚಕ್ರಗಳು, ಆಮೇಲಿನವು ನುಣುಪು ಮಾಡುವಂಥವು, ಕೊನೆಯದು ಪಾಲಿಶ್ ಪುಡಿಯ ನೀರು ಕುಡಿದ ಉಣ್ಣೆಯ ಚಕ್ರ. ಉತ್ತರದ ಒಬ್ಬ ವ್ಯಾಪಾರಿ ಅದಕ್ಕೆ ಹೇಳಿಕಳಿಸಿದ್ದ. ತಿಂಗಳೊಳಗೆ ಲಾರಿ ಬರಬೇಕಿತ್ತು.

ಒಂದು ಮಧ್ಯಾಹ್ನ ಮೀನಿನ ಗಂಜಿ ಬಡಿಸುತ್ತಿರುವಾಗ ಅತ್ತೆ ಉಪ್ಪು ಕೇಳಿದಷ್ಟೇ ಸಹಜವಾಗಿ ಹೇಳಿದರು.

"ಈ ಯಂತ್ರ ಒಂದು ಲಾರಿ ಹತ್ತಲಿ. ಆಮೇಲೆ ನಾನು ಅತ್ತೆಯರ ಮನೆಗೆ ಹೋಗಿಬಿಡ್ತೀನಿ."

ಯುಕ್‌ಕಾಮ್‌ಳ ಕೈಯಲ್ಲಿದ್ದ ಸೌಟು ನಿಂತಿತು. ಹೊಸವರ್ಷ ಕಳೆದ ಮೇಲೆ ಅತ್ತೆ ಬಚ್ಚಲಿನಲ್ಲಿ ಒಮ್ಮೆ ಕುಸಿದಿದ್ದರು. ಹೃದಯ ದಣಿದಿದೆ, ಔಷಧಿಗಿಂತ ವಿಶ್ರಾಂತಿ ಮುಖ್ಯ ಎಂದು ಡಾಕ್ಟರು ಹೇಳಿದ್ದರು. ಅಂದಿನಿಂದ ಈ ಮಾತು ಬಂದೇ ಬರುತ್ತದೆಂದು ಅವಳು ಹೆದರಿಕೊಂಡೇ ಇದ್ದಳು.

ಅತ್ತೆಯ ಹಾಗೆ ಮದುವೆ ಬೇಡವೆಂದು ದೇವರ ಮುಂದೆ ಆಣೆಯಿಟ್ಟು, ಮದುಮಗಳಿಗೆ ಹಿರಿಯರು ಕಟ್ಟುವ ತುರುಬನ್ನು ತಾವೇ ಕಟ್ಟಿಕೊಂಡ ಹೆಣ್ಣುಮಕ್ಕಳು ಲುನ್‌ಗಾವ್ ಇರುವ ಶುನ್‌ತಾಕ್ ಸೀಮೆಯಲ್ಲಿ ಒಂದು ಕಾಲಕ್ಕೆ ಊರೂರಿಗೂ ಇದ್ದರು. ತಾವೇ ದುಡಿದರು, ತವರನ್ನು ಸಾಕಿದರು, ತಮ್ಮಂದಿರ ಮದುವೆ ಮಾಡಿಸಿದರು. ಆದರೆ ಕೊನೆಯುಸಿರು ಮಾತ್ರ ತವರಿನಲ್ಲಿ ಬಿಡುವ ಹಾಗಿಲ್ಲ. ಬಿಟ್ಟರೆ ಆ ಮನೆಗೆ ಏಳಿಗೆಯಿಲ್ಲ, ಹುಟ್ಟುವ ಮಕ್ಕಳಿಗೆ ಒಳ್ಳೆಯದಲ್ಲ. ಅದಕ್ಕೇ ಅವರೆಲ್ಲ ಸೇರಿ ತಮಗಾಗಿ ಒಂದೊಂದು ಮನೆ ಕಟ್ಟಿಕೊಂಡಿದ್ದರು. ಊರಿನವರು ಅದನ್ನು ಅತ್ತೆಯರ ಮನೆ ಎನ್ನುತ್ತಿದ್ದರು. ಲುನ್‌ಗಾವ್‌ನ ಅತ್ತೆಯರ ಮನೆಯಲ್ಲಿ ಈಗ ಉಳಿದಿದ್ದವರು ಒಬ್ಬರೇ, ಮಾನ್‌ಹೋ ಎಂಬುವವರು. ಮಾಡು ಸೋರುತ್ತಿತ್ತು.

ಇದೆಲ್ಲ ಹಳೆಯ ಕಾಲದ ಮಾತು ಎಂದು ಪಾಕ್‌ಚುನ್ ರೇಗಿದ. ಮಗಳು ಪಟ್ಟಣದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ, ಅವಳ ಮುಂದೆ ಇದನ್ನು ಹೇಳಿದರೆ ನಗುತ್ತಾಳೆ ಎಂದ. ಅತ್ತೆ ಅವನ ಮಾತನ್ನೆಲ್ಲ ಕೇಳಿಸಿಕೊಂಡು, ಮೀನಿನ ಕೆನ್ನೆಯ ಮೆತ್ತನೆಯ ತುಂಡನ್ನು ಆರಿಸಿ ಅವನ ಬಟ್ಟಲಿಗೆ ಹಾಕಿದರು.

"ಆಣೆ ಇಟ್ಟವಳು ನಾನು. ನಿನ್ನ ಮಗಳಲ್ಲ. ಗಂಜಿ ಆರತ್ತೆ, ತಿನ್ನು."

ಯುಕ್‌ಕಾಮ್ ಈ ಮನೆಗೆ ಸೊಸೆಯಾಗಿ ಬಂದಾಗ ಬೆಳಿಗ್ಗೆ ಏಳುವುದು ತಡವಾಗುತ್ತಿತ್ತು. ಅವಳು ಎದ್ದು ಓಡಿಬರುವಷ್ಟರಲ್ಲಿ ಒಲೆ ಉರಿಯುತ್ತಿರುತ್ತಿತ್ತು, ಆದರೆ ಅತ್ತೆ ಮತ್ತೆ ಹೋಗಿ ಹಾಸಿಗೆಯಲ್ಲಿ ಮಲಗಿರುತ್ತಿದ್ದರು. ಒಲೆ ಹೊತ್ತಿಸಿದವಳು ಹೊಸ ಸೊಸೆಯೇ ಎಂದು ನೆರೆಯವರು ತಿಳಿಯಲಿ ಎಂದು. ವರ್ಷಗಳ ಮೇಲೆ ಅದು ಅವಳಿಗೆ ಅರ್ಥವಾಯಿತು. ಅಂಥವರನ್ನು ಸೋರುವ ಮಾಡಿನ ಕೆಳಗೆ ಕಳಿಸುವುದು ಹೇಗೆ? ವಾದ ಮಾಡಿ ಉಳಿಸಿಕೊಳ್ಳುವುದಾದರೂ ಹೇಗೆ? ಈ ಮನೆಯಲ್ಲಿ ಉಳಿದರೆ ಅತ್ತೆಗೆ ದಿನದಿನವೂ ಒಂದೇ ಚಿಂತೆ: ಇವತ್ತೇನಾದರೂ ಆಗಿಬಿಟ್ಟರೆ. ಆ ಚಿಂತೆಯೇ ಅವರನ್ನು ಬೇಗ ಕೊಂದೀತು ಎಂದು ಯುಕ್‌ಕಾಮ್‌ಳಿಗೆ ಅನ್ನಿಸುತ್ತಿತ್ತು.

ಪಾಕ್‌ಚುನ್ ಆಮೇಲೆ ಆ ವಿಷಯ ಎತ್ತಲಿಲ್ಲ. ಎತ್ತದೆ ಏನು ಮಾಡಿದ ಎಂಬುದು ಗೊತ್ತಾದದ್ದು ಎರಡು ವಾರದ ಮೇಲೆ. ಮಾನ್‌ಹೋ ಅಕ್ಕನಿಗೆ ಬಿಳಿ ಸಕ್ಕರೆ ಕಡುಬು ಕೊಟ್ಟು ಬರೋಣವೆಂದು ಅತ್ತೆ ಹೊರಟರು. ಯುಕ್‌ಕಾಮ್ ಕಾರ್ಖಾನೆಯ ಮೂರು ಗಾಲಿಯ ಸಾಮಾನು ಗಾಡಿಯಲ್ಲಿ ಹತ್ತಿಯ ರಜಾಯಿ ಮಡಿಸಿ ಹಾಕಿ ಅವರನ್ನು ಕೂರಿಸಿಕೊಂಡು ಹೋದಳು.

ಅತ್ತೆಯರ ಮನೆಯ ಮಾಡಿಗೆ ಹೊಸ ಹೆಂಚು ಬಂದಿತ್ತು. ಒಳಗೆ ಮೂಲೆಯ ಕೋಣೆಯಲ್ಲಿ ಸುಣ್ಣ ಬಳಿದಿದ್ದರು. ಕಾಗದ ಅಂಟಿಸಿದ್ದ ಹಳೆಯ ಕಿಟಕಿ ಹೋಗಿ, ಪಟ್ಟಿ ಪಟ್ಟಿ ಗಾಜುಗಳನ್ನು ಒಂದರ ಮೇಲೊಂದು ಕೂರಿಸಿದ ಕಿಟಕಿ ಬಂದಿತ್ತು. ಹಿಡಿ ಎಳೆದರೆ ಎಲ್ಲವೂ ಒಟ್ಟಿಗೆ ತೆರೆದುಕೊಳ್ಳುವಂಥದ್ದು.

"ನೋಡಿದ್ಯೇನೇ ನಿನ್ನ ಸೋದರಳಿಯನ ಕೆಲಸಾನ?" ಮಾನ್‌ಹೋ ಕಿವಿ ಮಂದವಾದವರಂತೆ ಗಟ್ಟಿಯಾಗಿ ಹೇಳಿದರು. "ಇಬ್ಬರನ್ನ ಕರ್ಕೊಂಡು ಬಂದು ಬೆವರು ಸುರಿಸಿದ. ಇಷ್ಟು ವರ್ಷ ನಾನು ಕೊಡೆ ಹಿಡ್ಕೊಂಡು ಮಲಗಿದ್ದೆ, ನನಗ್ಯಾರೂ ಹೆಂಚು ಹಾಕಿರಲಿಲ್ಲ. ನಿನ್ನ ಪುಣ್ಯ ನನ್ನ ತಲೆ ಮೇಲೂ ಬಿತ್ತು. ನೀನು ಯಾವತ್ತು ಬರ್ತೀಯ ಅಂತ ಕೇಳಿದ್ರೆ ಮಾತ್ರ ಅವನ ಬಾಯಿಗೆ ಬೀಗ."

ಅತ್ತೆ ಕಿಟಕಿಯ ಹತ್ತಿರ ಹೋದರು. ಹಿಡಿ ಎಳೆದು ಗಾಜಿನ ಪಟ್ಟಿಗಳನ್ನು ತೆರೆದರು. ಮೇಲಿನಿಂದ ಕೆಳಗಿನವರೆಗೆ ಒಂದೊಂದರ ಅಂಚಿನ ಮೇಲೂ ಹೆಬ್ಬೆರಳೆಳೆದರು. ಯುಕ್‌ಕಾಮ್ ಬಾಗಿಲಲ್ಲೇ ನಿಂತಿದ್ದಳು. ಅವಳಿಗೆ ಕಂಡಿದ್ದು ಅತ್ತೆಯ ಬೆನ್ನು ಮಾತ್ರ.

"ಚೆನ್ನಾಗಿ ಮಾಡಿದ್ದಾನೆ," ಎಂದರು ಅತ್ತೆ. ಮಾನ್‌ಹೋ ಅಕ್ಕನಿಗೆ ಕಡುಬು ಕತ್ತರಿಸಿ ಕೊಟ್ಟು, ಚಹಾ ಕುಡಿದು, ಇಬ್ಬರೂ ಸತ್ತ ಗೆಳತಿಯರ ಹೆಸರು ಹೇಳಿಕೊಂಡು ನಕ್ಕರು. ವಾಪಸು ಬರುವಾಗ ಅತ್ತೆ ದಾರಿಯುದ್ದಕ್ಕೂ ಮೀನಿನ ಕೆರೆಗಳನ್ನು ನೋಡುತ್ತ ಕೂತರು.

ಮಾರನೆಯ ದಿನ ಬಿದಿರಿನ ಕುರ್ಚಿ ಖಾಲಿ ಇತ್ತು. ಅದರ ಮಾರನೆಯ ದಿನವೂ.

ಯುಕ್‌ಕಾಮ್ ಗಂಡನನ್ನು ಹಿತ್ತಲಿಗೆ ಕರೆದು ಕೇಳಿದಳು. ಹೇಳದೆ ಕೇಳದೆ ಯಾಕೆ ಹೀಗೆ ಮಾಡಿದೆ, ಅತ್ತೆ ಏನೆಂದುಕೊಂಡಾರು ಎಂದು. ಅವನು ಗ್ರೀಸು ಹತ್ತಿದ ಕೈಯನ್ನು ಒರೆಸಿದ, ಒರೆಸಿದ, ಒರೆಸುತ್ತಲೇ ಇದ್ದ. ಹೋಗುವುದನ್ನು ತಡೆಯಲು ತನ್ನಿಂದಾಗದು ಎಂದಮೇಲೆ ಮಳೆಗೆ ಹಾಸಿಗೆ ನೆನೆಯದ ಹಾಗಾದರೂ ನೋಡಿಕೊಳ್ಳಬೇಡವೇ ಎಂದ. ಅತ್ತೆಗೆ ಸಂತೋಷವಾಗುತ್ತದೆಂದು ನಂಬಿದ್ದನಂತೆ. ಆ ಹೊತ್ತಿನಲ್ಲಿ ಅವನ ಮುಖ ನೋಡಿ ಯುಕ್‌ಕಾಮ್‌ಳಿಗೆ ಬೈಯುವುದಕ್ಕೆ ಮನಸ್ಸಾಗಲಿಲ್ಲ.

ಆ ಸಂಜೆ ಅತ್ತೆ ಅಂಗಳದಲ್ಲಿ ಕೂತು ನೀರುಗಡ್ಡೆಯ ಸಿಪ್ಪೆ ತೆಗೆಯುತ್ತಿದ್ದರು. ಯುಕ್‌ಕಾಮ್ ಇನ್ನೊಂದು ಚಾಕು ತಂದು ಎದುರಿಗೆ ಕೂತಳು.

"ಹೋಗ್ತೀನಿ ಅಂದವಳು ನಾನೇ," ಅತ್ತೆಯೇ ಶುರುಮಾಡಿದರು. "ಯಾರೂ ನನ್ನ ತಳ್ಳಲಿಲ್ಲ. ಆದ್ರೂ ಆ ಸುಣ್ಣ, ಆ ಕಿಟಕಿ ನೋಡಿದಾಗ ಎದೆ ಧಸಕ್ಕಂತು. ಅಯ್ಯೋ, ಎಲ್ಲ ಅಣಿ ಆಗೋಗಿದೆಯಲ್ಲ ಅನ್ನಿಸ್ತು. ಮುದುಕಿ ಮನಸ್ಸು ನೋಡು, ಎರಡು ನಾಲಿಗೆ ಅದಕ್ಕೆ."

"ಅತ್ತೆ, ಆ ಥರದ ಪಟ್ಟಿ ಗಾಜಿಗೆ ಅಂಚಿನ ಚೂಪು ಉಜ್ಜಿದ್ರೆ ಸಾಕು. ಯಾರೂ ಪಾಲಿಶ್ ಮಾಡಲ್ಲ. ಅವರು ಅದನ್ನ ಒಂದೊಂದೇ ಎಲ್ಲಾ ಚಕ್ರದ ಮೇಲೂ ಓಡಿಸಿದ್ದಾರೆ. ಕಳಿಸೋ ಆತುರ ಇದ್ದವರು ಅಷ್ಟು ನಯ ಮಾಡ್ತಾರಾ?"

"ಗೊತ್ತು ಮಗಳೇ." ಅತ್ತೆ ಒಂದು ಗಡ್ಡೆಯನ್ನು ನೀರಿಗೆ ಹಾಕಿದರು. "ಮುಟ್ಟಿದ ತಕ್ಷಣ ಗೊತ್ತಾಯ್ತು. ಬಿಟ್ಟು ಹೋಗೋದು ಅದರಿಂದ ಇನ್ನೂ ಕಷ್ಟ ಆಯ್ತು, ಅಷ್ಟೇ."

ಯುಕ್‌ಕಾಮ್ ಇನ್ನೊಂದು ಗಡ್ಡೆ ಎತ್ತಿಕೊಂಡಳು. ಆಮೇಲೆ, ಮಾತು ಬದಲಿಸಲೆಂದೇ, ಫಿಲೇಚರಿನಲ್ಲಿದ್ದಾಗ ಮಲಗುತ್ತಿದ್ದುದು ಎಲ್ಲಿ ಎಂದು ಕೇಳಿದಳು. ಅಟ್ಟದ ಮೇಲೆ ಎಂದರು ಅತ್ತೆ. ಸಾಲಾಗಿ ಚಾಪೆ, ತಲೆಗೆ ಮರದ ದಿಂಬು, ಕೈಗಳೆಲ್ಲ ಕುದಿನೀರಿನಲ್ಲಿ ಬೆಂದು ಬಿಳಿಚಿಕೊಂಡಿರುತ್ತಿದ್ದವು. ಒಬ್ಬರ ಕೈಗೊಬ್ಬರು ಹಂದಿಯ ಕೊಬ್ಬು ಹಚ್ಚಿ ಮಲಗುತ್ತಿದ್ದರು. ಮೇಲ್ವಿಚಾರಕನಿಗೆ ಮಾತ್ರ ಕೆಳಗೆ ಕಾಲುವೆಯ ಕಡೆ ಒಂದು ಕೋಣೆ. ಅವನ ಗೊರಕೆ ಅಟ್ಟಕ್ಕೆಲ್ಲ ಕೇಳುತ್ತಿತ್ತು ಎಂದು ಹೇಳುತ್ತ ಅತ್ತೆ ಆ ಎರಡು ದಿನದಲ್ಲಿ ಮೊದಲ ಸಲ ನಕ್ಕರು. ಅಲ್ಲಿದ್ದಷ್ಟು ದಿನ ಅದು ನಮ್ಮದೇ ಜಾಗ ಅನ್ನಿಸಿತ್ತು ನೋಡು, ಎಂದರು. ಅಪ್ಪನದೂ ಅಲ್ಲ, ಗಂಡನದೂ ಅಲ್ಲ.

ಈ ಮಾತು ಯುಕ್‌ಕಾಮ್‌ಳ ತಲೆಯಲ್ಲಿ ಕೂತುಬಿಟ್ಟಿತು. ಕಾಲುವೆ ಕಡೆಯ ಆ ಕೋಣೆ ಈಗಲೂ ಇತ್ತು. ಹಳೆಯ ಬೆಲ್ಟು, ಒಡೆದ ಚಕ್ರಗಳನ್ನು ಅದರಲ್ಲಿ ಎಸೆದಿದ್ದರು. ಅದು ತವರಲ್ಲ. ಅತ್ತೆ ಅಲ್ಲಿರಬಹುದು. ಮನೆಯಿಂದ ಕೂಗಳತೆ, ಊಟ ತಂದುಕೊಡಬಹುದು, ಜೊತೆಗೆ ಯಾರಾದರೂ ಇದ್ದೇ ಇರುತ್ತಾರೆ. ಆದರೆ ತಾಮ್ ಮೇಸ್ತ್ರಿ ಒಪ್ಪಬೇಕಲ್ಲ?

ತಾಮ್ ಮೇಸ್ತ್ರಿ ಕಾರ್ಖಾನೆಯ ಹಳೆಯ ಫಿಟ್ಟರ್. ಹೊಸ ಮೋಟಾರ್ ಕೂರಿಸುವ ಮುಂಚೆ ಊದುಬತ್ತಿ ಹಚ್ಚುವವರು. ಯಂತ್ರದ ಹತ್ತಿರ ಸಿಳ್ಳೆ ಹಾಕಿದರೆ ಬೈಯುವವರು. ಅನ್ನದ ಬಟ್ಟಲಿನಲ್ಲಿ ಊಟದ ಕಡ್ಡಿಗಳನ್ನು ನೆಟ್ಟಗೆ ಚುಚ್ಚಿಟ್ಟ ಒಬ್ಬ ಹುಡುಗನನ್ನು, ಗೋರಿಗೆ ಎಡೆ ಇಡ್ತಿದ್ದೀಯೇನೋ ಎಂದು ಅರ್ಧ ದಿನ ಮಾತಾಡಿಸದೆ ಬಿಟ್ಟವರು. ಸಾವು ಎಂಬ ಮಾತನ್ನೇ ಆ ಮಾಡಿನ ಕೆಳಗೆ ಅವರು ಆಡಗೊಡುತ್ತಿರಲಿಲ್ಲ. ಕೊನೆಯ ದಿನಗಳನ್ನು ಕಳೆಯಲು ಒಬ್ಬ ಮುದುಕಿಯನ್ನು ಅಲ್ಲಿಗೇ ಕರೆತರುತ್ತೇವೆಂದರೆ ಸುಮ್ಮನಿರುತ್ತಾರೆಯೇ? ಅವರು ಮುನಿಸಿಕೊಂಡು ಹೋದರೆ ಈ ಯಂತ್ರ ಮುಗಿಯುವುದೂ ಇಲ್ಲ.

ಯಂತ್ರ ಮೊದಲೇ ಮುಗಿಯುತ್ತಿರಲಿಲ್ಲ. ಅದೇ ಪಾಕ್‌ಚುನ್‌ನ ಇನ್ನೊಂದು ತಲೆನೋವು. ಎಲ್ಲ ಜೋಡಿಸಿ ಆಗಿತ್ತು, ಆದರೂ ಅಂಚಿನ ಮೇಲೆ ಹಾಲುಬಣ್ಣದ ಒಂದು ಗೆರೆ ಉಳಿಯುತ್ತಿದೆ ಎಂದು ಮೇಸ್ತ್ರಿ ಕೊನೆಯ ಚಕ್ರವನ್ನು ಬಿಚ್ಚುವರು, ಕಟ್ಟುವರು. ಬೇರಿಂಗ್ ಬದಲಿಸಿದರು. ಗೆರೆ ಹೋಗಲಿಲ್ಲ. ಪುಡಿ ಬದಲಿಸಿದರು. ಗೆರೆ ಹೋಗಲಿಲ್ಲ. ಲಾರಿಯವನಿಗೆ ಎರಡು ಸಲ ಮುಂದಿನ ವಾರ ಬಾ ಎಂದು ಹೇಳಿಕಳಿಸಿದ್ದಾಗಿತ್ತು. ಇಷ್ಟು ವರ್ಷದಲ್ಲಿ ಮೇಸ್ತ್ರಿಯ ಕೈ ಹೀಗೆ ಸೋತದ್ದನ್ನು ಯಾರೂ ಕಂಡಿರಲಿಲ್ಲ. ವಯಸ್ಸಾಯಿತು ಎಂದು ಹುಡುಗರು ಹಿಂದಿನಿಂದ ಆಡಿಕೊಂಡರು. ಮೇಸ್ತ್ರಿಗೆ ಅದು ಕೇಳಿಸಿತು. ಕೇಳಿಸದವರ ಹಾಗೆ ಇದ್ದರು.

ಮರುದಿನ ಎಲ್ಲರೂ ಊಟಕ್ಕೆ ಹೋದಾಗ ಯುಕ್‌ಕಾಮ್ ಆ ಕೋಣೆಯನ್ನು ನೋಡಿಬರಲು ಹೋದಳು. ಬಾಗಿಲ ಹಿಂದೆ ಗೋಣಿಚೀಲ ಹೊದಿಸಿದ ಏನೋ ಒರಗಿಸಿಟ್ಟಿತ್ತು. ಎತ್ತಿದಳು. ಗಾಜಿನ ತುಂಡುಗಳು, ಒಂದರ ಬೆನ್ನಿಗೊಂದು, ನಡುವೆ ಕಾಗದ ಹಾಕಿ ಜೋಡಿಸಿದ್ದವು. ಹೊಸ ಯಂತ್ರದ ಮೇಲೆ ಓಡಿಸಿದ ಗಾಜೇ. ಅಷ್ಟು ದಪ್ಪದ ಗಾಜು ಬೇರೆ ಯಾವುದರಲ್ಲೂ ಹೋಗುತ್ತಿರಲಿಲ್ಲ. ಒಂದನ್ನು ಬೆಳಕಿಗೆ ಹಿಡಿದಳು. ಅಂಚು ನಿಂತ ನೀರಿನ ಹಾಗೆ ಹೊಳೆಯಿತು. ಇನ್ನೊಂದನ್ನು ಹಿಡಿದಳು. ಗೆರೆ ಎಲ್ಲೂ ಇರಲಿಲ್ಲ.

ಹಿಂದೆ ಯಾರೋ ಕೆಮ್ಮಿದರು. ತಾಮ್ ಮೇಸ್ತ್ರಿ. ಕೈಯಲ್ಲಿ ಊಟದ ಡಬ್ಬಿ.

"ಮೇಸ್ತ್ರಿಗಳೇ, ಇವು ಯಾವತ್ತು ಓಡಿಸಿದ್ದು?"

ಅವರ ಕಿವಿಯ ತುದಿ ಕೆಂಪಗಾಯಿತು. ಡಬ್ಬಿಯ ಮುಚ್ಚಳ ತೆಗೆದರು, ಮತ್ತೆ ಹಾಕಿದರು.

"ಹೋದ ವಾರ. ಅದರ ಹಿಂದಿನ ವಾರದ್ದೂ ಇರಬೇಕು."

"ಹಾಗಾದ್ರೆ ಯಂತ್ರ ಸರಿ ಇದೆ."

"ಯಂತ್ರ ಸರಿ ಇಲ್ಲದೆ ಏನು? ನಾನು ಕಟ್ಟಿದ್ದಲ್ವಾ?" ಅವರಿಗೆ ಸ್ವಲ್ಪ ಸಿಟ್ಟೇ ಬಂತು. ಆಮೇಲೆ ದನಿ ಇಳಿಸಿದರು. "ಯಂತ್ರ ಲಾರಿ ಹತ್ತಿದ ಮೇಲೆ ಹೋಗ್ತೀನಿ ಅಂದಿದ್ದಾರಲ್ಲ ದೊಡ್ಡಮ್ಮ. ಹೋಗಬೇಡಿ ಅನ್ನೋಕೆ ನಾನ್ಯಾರು ತಂಗೀ. ಲಾರಿ ಹತ್ತದ ಹಾಗೆ ನೋಡ್ಕೋಬಹುದು. ನನ್ನ ಕೈಲಾಗೋದು ಅಷ್ಟೇ."

"ಎಷ್ಟು ದಿನ ಅಂತ?"

"ಅದನ್ನ ಯೋಚನೆ ಮಾಡಿಲ್ಲ."

ಯುಕ್‌ಕಾಮ್‌ಳಿಗೆ ನಗುವೂ ಬಂತು, ಕಣ್ಣೂ ತುಂಬಿತು. ಗಾಜನ್ನು ಹುಷಾರಾಗಿ ಕೆಳಗಿಟ್ಟು, ಧೈರ್ಯ ಮಾಡಿ, ತನ್ನ ಮನಸ್ಸಿನಲ್ಲಿದ್ದುದನ್ನೆಲ್ಲ ಹೇಳಿಬಿಟ್ಟಳು: ಈ ಕೋಣೆ, ಅತ್ತೆ, ಎಂದಾದರೊಂದು ದಿನ ಇಲ್ಲೇ ಆಗಬಹುದಾದದ್ದು. ಹೇಳುವಾಗ ಆ ಒಂದು ಮಾತನ್ನು ಮಾತ್ರ ನುಂಗಿಕೊಂಡಳು. ಡಬ್ಬಿಯಲ್ಲಿ ಅನ್ನ ಆರಿತು.

ಕೊನೆಗೆ ಮೇಸ್ತ್ರಿ, ಇದು ತಾನೊಬ್ಬನೇ ಹೇಳುವ ಮಾತಲ್ಲ, ಇಲ್ಲಿ ಅನ್ನ ತಿನ್ನುವವರೆಲ್ಲ ಹೇಳಬೇಕು ಎಂದರು. ತಾನೇ ಹುಡುಗರನ್ನು ಕೇಳುತ್ತೇನೆ, ಧಣಿಗಳ ಬಾಯಲ್ಲಿ ಕೇಳಿಸಿದರೆ ಅವರು ಇಲ್ಲವೆನ್ನಲಾರರು, ಅದು ಸರಿಯಲ್ಲ ಎಂದೂ ಹೇಳಿದರು. ಎರಡು ಹೆಜ್ಜೆ ಹೋಗಿ ತಿರುಗಿ, ಕೋಣೆಯ ಗೋಡೆಗೆ ಬಿಸಿಲು ಯಾವ ಹೊತ್ತಿಗೆ ಬರುತ್ತದೆಂದು ಕೇಳಿದರು. ಯುಕ್‌ಕಾಮ್‌ಳಿಗೆ ಗೊತ್ತಿರಲಿಲ್ಲ.

ಮಾರನೆಯ ದಿನ ಯಂತ್ರ ಸರಿಹೋಯಿತು. ಗೆರೆ ಏನಾಯಿತೆಂದು ಪಾಕ್‌ಚುನ್ ಕೇಳಿದ್ದಕ್ಕೆ, ಹೋಯಿತು ಎಂದಷ್ಟೇ ಮೇಸ್ತ್ರಿ ಹೇಳಿದರು. ಅವರು ಯಾವ ಯಾವ ಹುಡುಗನನ್ನು ಯಾವಾಗ ಕರೆದು ಮಾತಾಡಿದರೋ ಯುಕ್‌ಕಾಮ್‌ಳಿಗೆ ತಿಳಿಯದು. ಅವಳು ಗಂಡನಿಗೆ ಮಾತ್ರ ಹೇಳಿದಳು. ಅವನು ಕೇಳಿದವನೇ ಸಾಮಾನು ತುಂಬಿದ್ದ ಆ ಕೋಣೆಗೆ ಹೋಗಿ ಬೆಲ್ಟುಗಳನ್ನು ಹೊರಗೆ ಎಳೆಯತೊಡಗಿದ. ಅವಳು ಓಡಿಹೋಗಿ ತಡೆಯಬೇಕಾಯಿತು. ಈ ಸಲ ಅತ್ತೆಯನ್ನು ಕೇಳುವ ಮುಂಚೆ ಸುಣ್ಣ ಗಿಣ್ಣ ಬಳಿದೀಯೆ, ಜೋಕೆ ಎಂದು ಗದರಿಸಿದಳು.

ಒಳ್ಳೆಯ ದಿನ ನೋಡಿ ಯಂತ್ರಕ್ಕೆ ಕೆಂಪು ಪಟ್ಟಿ ಕಟ್ಟಿದರು. ವ್ಯಾಪಾರಿ ಬಂದ. ತಾನು ತಂದಿದ್ದ ಗಾಜನ್ನೇ ಓಡಿಸಿ, ಅಂಚನ್ನು ಕೆನ್ನೆಗೆ ಒತ್ತಿ ನೋಡಿಕೊಂಡು ಒಪ್ಪಿದ. ಅತ್ತೆಯೂ ಅಂದು ಬಂದು ತಮ್ಮ ಕುರ್ಚಿಯಲ್ಲಿ ಕೂತಿದ್ದರು. ಹೊರಡುವ ಮುಂಚಿನ ಕೊನೆಯ ದಿನವೆಂದು ಒಳ್ಳೆಯ ಕಪ್ಪು ಅಂಗಿ ತೊಟ್ಟಿದ್ದರು. ಹೊಸ ಯಂತ್ರವನ್ನು ಓಡಿಸಿ ಒಪ್ಪಿಸುವ ದಿನ ಇಡಿಯಾಗಿ ಸುಟ್ಟ ಹಂದಿಯನ್ನು ತಂದು ಅದರ ಮುಂದಿಟ್ಟು, ಧಣಿ ಮೊದಲ ಏಟು ಕತ್ತರಿಸುತ್ತಾನೆ. ಆಮೇಲೆ ಹಿರಿಯ ಮೇಸ್ತ್ರಿ ಕೆಲಸದವರ ಪಾಲನ್ನು ಕಮಲದ ಎಲೆಯಲ್ಲಿ ಕಟ್ಟಿ, ಒಬ್ಬೊಬ್ಬರ ಹೆಸರು ಕೂಗಿ, ಯಂತ್ರದ ಪಕ್ಕದಲ್ಲೇ ಅವರವರ ಕೈಗೆ ಕೊಡುತ್ತಾರೆ. ಧಣಿಯ ಮನೆಯವರ ಪಾಲು ಬೇರೆ, ಅದು ಮನೆಗೆ ಹೋಗುತ್ತದೆ.

ತಾಮ್ ಮೇಸ್ತ್ರಿ ಹೆಸರು ಕೂಗುತ್ತ ಬಂದರು. ಎಲ್ಲರದೂ ಮುಗಿದ ಮೇಲೆ, "ಹೋ ಲಾಯ್‌ಕ್ವಾನ್," ಎಂದು ಮನೆತನದ ಹೆಸರೂ ಸೇರಿಸಿ ಕೂಗಿದರು.

ಅತ್ತೆ ಅತ್ತಿತ್ತ ನೋಡಿದರು. "ಏನೋ ತಾಮ್, ಲೆಕ್ಕ ತಪ್ಪಿದೆಯಾ? ನಾನು ಮನೆಯವಳು. ನನ್ನ ಪಾಲು ಮನೇಲಿದೆ."

"ಅದು ಮನೆ ಪಾಲು ದೊಡ್ಡಮ್ಮ. ಇದು ಕೆಲಸದವರ ಪಾಲು. ಈ ಮಾಡಿನ ಕೆಳಗೆ ನಮ್ಮೆಲ್ಲರಿಗಿಂತ ಮುಂಚೆ ಕೆಲಸಕ್ಕೆ ಸೇರಿದವರು ನೀವು." ಮೇಸ್ತ್ರಿ ಎಲೆಯ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿದರು. "ಇನ್ನೊಂದು ಮಾತು. ಕೆಲಸದವರಿಗೆ ಇರೋಕೆ ಜಾಗ ಕೊಡೋದು ವಾಡಿಕೆ. ಕಾಲುವೆ ಕಡೆ ಕೋಣೆ ಖಾಲಿ ಮಾಡಿಸ್ತೀವಿ. ಇಲ್ಲೇ ಇರಿ."

ಅತ್ತೆ ಯುಕ್‌ಕಾಮ್‌ಳ ಕಡೆ ನೋಡಿದರು. ಅವಳು ತಲೆ ತಗ್ಗಿಸಿದಳು.

"ನಾಲ್ಕು ಜನರ ಅನ್ನ ಹುಟ್ಟೋ ಜಾಗ ಇದು," ಎಂದರು ಅತ್ತೆ ನಿಧಾನವಾಗಿ. "ನಾನು ಹೋಗೋ ಕಾಲದವಳು. ಇಲ್ಲೇ ಕಣ್ಣು ಮುಚ್ಚಿಬಿಟ್ರೆ?"

ಮಾಡಿನ ಕೆಳಗೆ ಆಡಬಾರದ ಮಾತನ್ನು ಅವರೇ ಆಡಿದ್ದರು. ಮೇಸ್ತ್ರಿ ಹುಡುಗರ ಕಡೆ ಒಮ್ಮೆ ತಿರುಗಿ ನೋಡಿದರು.

"ಮಾತಾಡ್ಕೊಂಡಿದ್ದೀವಿ. ಎಲ್ಲರೂ ಒಪ್ಪಿದ್ದಾರೆ. ಒಂದೇ ಒಂದು ಷರತ್ತು. ತಿಂಗಳ ಕೊನೇಲಿ ಲಾರಿ ಲೋಡ್ ಮಾಡೋ ಗಡಿಬಿಡಿ ಇರತ್ತೆ. ಆಗ ಮಾತ್ರ ಬೇಡ."

ಮೊದಲು ನಕ್ಕವರು ಅತ್ತೆಯೇ. ನಗುತ್ತ ನಗುತ್ತ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಂಡರು. ಹುಡುಗರೂ ನಕ್ಕರು, ಏನೆಂದು ತಿಳಿಯದೆ ವ್ಯಾಪಾರಿಯೂ ನಕ್ಕ. ಪಾಕ್‌ಚುನ್ ಒಬ್ಬನೇ ನಗಲಿಲ್ಲ. ಚಾಕು ಹಿಡಿದುಕೊಂಡು, ಹಂದಿಯ ಮುಂದೆ, ಪರೀಕ್ಷೆಯ ಫಲ ಕಾಯುವವನ ಹಾಗೆ ನಿಂತಿದ್ದ.

"ಚುನ್, ಈ ಕಟ್ಟಡ ನಮ್ಮ ವಂಶದವರದ್ದೇನಾದ್ರೂ?"

"ಅಲ್ಲ ಅತ್ತೆ. ಬಾಡಿಗೆದು. ಊರಿನ ಸಮಿತಿಯದು."

ಅತ್ತೆ ಎಲೆಯ ಕಟ್ಟನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು.

"ಹಾಗಾದ್ರೆ ಇದರಲ್ಲಿ ಅರ್ಧ ಮಾನ್‌ಹೋಗೆ ಕೊಟ್ಟು ಬನ್ನಿ," ಎಂದರು. "ಅವಳಿಗೆ ಹಲ್ಲಿಲ್ಲ, ಚರ್ಮ ಬೇಡ, ಕೊಬ್ಬಿನ ಕಡೆಯದು ಕೊಡಿ. ಹೆಂಚು ಅವಳಿಗಾಯ್ತು, ಕಿಟಕೀನೂ ಅವಳಿಗಾಯ್ತು. ನಾನು ವಾರಕ್ಕೊಮ್ಮೆ ಹೋಗಿ ಬರ್ತೀನಿ ಅಂತ ಹೇಳಿ."

ಕೋಣೆ ಅಣಿಯಾಗಲು ಹೆಚ್ಚು ದಿನ ಹಿಡಿಯಲಿಲ್ಲ. ಬಣ್ಣ ಯಾವುದಿರಬೇಕು, ಮಂಚ ಎಲ್ಲಿರಬೇಕು ಎಂದು ಪಾಕ್‌ಚುನ್ ಹೆಜ್ಜೆಹೆಜ್ಜೆಗೂ ಅತ್ತೆಯನ್ನು ಕೇಳಿ ಕೇಳಿ, ಸಾಕು ಮಾಡಪ್ಪ ಎನ್ನಿಸಿಕೊಂಡ. ಅತ್ತೆ ತಮ್ಮ ಸಿಂಗಾಪುರದ ತಗಡಿನ ಪೆಟ್ಟಿಗೆ, ಕರುಣೆಯ ದೇವಿ ಗುವಾನ್‌ಯಿನ್ ತಾಯಿಯ ಪಟ, ಬಿದಿರಿನ ಕುರ್ಚಿಯ ಸಮೇತ ಒಂದು ಸಂಜೆ ಬಂದು ಸೇರಿದರು. ಹುಡುಗರು ಕೆಲಸ ಮುಗಿಸಿ ಕೈಕಾಲು ತೊಳೆಯುತ್ತಿದ್ದರು. ಮೇಸ್ತ್ರಿ ಬಾಗಿಲಿಗೆ ಕೆಂಪು ಕಾಗದ ಅಂಟಿಸಿ, ಒಂದು ಊದುಬತ್ತಿ ಹಚ್ಚಿ ಹೊರಟುಹೋದರು.

ಯುಕ್‌ಕಾಮ್ ಹೋಗಲಾರದೆ ನಿಂತಳು. ಹಾಸಿಗೆ ಕೊಡವಿದಳು, ಕೊಡವಿದ್ದನ್ನೇ ಇನ್ನೊಮ್ಮೆ ಕೊಡವಿದಳು. ಬಿಸಿನೀರಿನ ಫ್ಲಾಸ್ಕನ್ನು ಮಂಚದ ಈ ಕಡೆಯಿಂದ ಆ ಕಡೆಗಿಟ್ಟಳು. ಔಷಧಿ ಎಲ್ಲಿದೆ, ದೀಪದ ಗುಂಡಿ ಎಲ್ಲಿದೆ ಎಂದು ಹೇಳಿದ್ದನ್ನೇ ಹೇಳಿದಳು. ಕಾವಲಿನ ಹುಡುಗ ಅಟ್ಟದ ಮೇಲೆಯೇ ಮಲಗುತ್ತಾನೆ, ಕೂಗಿದರೆ ಇಳಿದು ಬರುತ್ತಾನೆ ಎಂದಳು.

"ಹೋಗು ಮಗಳೇ," ಎಂದರು ಅತ್ತೆ. "ನಿನ್ನ ಮನೇಲಿ ಒಲೆ ಹಚ್ಚೋರಿಲ್ಲ. ನಾನು ನನ್ನ ಮನೇಲಿದ್ದೀನಿ."

ಅವಳು ಹೊರಗೆ ಬಂದು ಬಾಗಿಲೆಳೆದುಕೊಂಡಳು. ಕಾಲುವೆಯ ದಂಡೆಯ ಮೇಲೆ ಪಾಕ್‌ಚುನ್ ಗಾಡಿ ಹಿಡಿದುಕೊಂಡು ಕಾಯುತ್ತಿದ್ದ. ಅವಳ ಹಿಂದೆ, ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಯುಕ್‌ಕಾಮ್ ಗಾಬರಿಯಿಂದ ತಿರುಗಿದಳು. ಮೈ ಸರಿಯಿಲ್ಲದವರು, ಹೀಗೆ ಚಿಲಕ ಹಾಕಿಕೊಂಡರೆ ಯಾರು ತೆಗೆಯಬೇಕು? ಬಾಗಿಲು ತಟ್ಟಲು ಕೈಯೆತ್ತಿದಳು. ಆಮೇಲೆ, ಆ ವಯಸ್ಸಿಗೆ ಅತ್ತೆ ತಮ್ಮದೇ ಬಾಗಿಲೊಂದಕ್ಕೆ ತಾವೇ ಚಿಲಕ ಹಾಕಿಕೊಂಡದ್ದು ಇದೇ ಮೊದಲಿರಬೇಕು ಎನ್ನಿಸಿ, ಕೈ ಇಳಿಸಿ ಸುಮ್ಮನೆ ನಿಂತಳು.

ಒಳಗೆ ಮೆಲ್ಲಗೆ ನಡೆದಾಡುವ ಸದ್ದು. ಕುರ್ಚಿ ಕಿರುಗುಟ್ಟಿತು. ಮತ್ತೆ ಕಾಲಸಪ್ಪಳ ಬಾಗಿಲ ಹತ್ತಿರ ಬಂತು, ಅತ್ತೆ ಚಿಲಕವನ್ನು ಹಾಕಿದಷ್ಟೇ ನಿಧಾನವಾಗಿ ತೆಗೆದರು.